ಪದವಿ ಯಾರಿಗೆ ಕಾವಲು?

ನಮ್ಮ ಪೇಟೆಂಟ್ ಕಾಯ್ದೆಯಲ್ಲಿ ಒಂದು ವಿಚಿತ್ರವಿದೆ. ಹೊಸದನ್ನು ಕಂಡುಹಿಡಿದವನಿಗೆ ಯಾವ ಪದವಿಯೂ ಬೇಡ. ಶಾಲೆ ಬಿಟ್ಟ ಮೆಕ್ಯಾನಿಕ್ ಕೂಡ ತನ್ನ ಅರ್ಜಿಯನ್ನು ತಾನೇ ಬರೆದು ಹಾಕಬಹುದು. ಆದರೆ ಅವನ ಪರವಾಗಿ ಅದನ್ನು ಬರೆದುಕೊಡುವ ಪೇಟೆಂಟ್ ಏಜೆಂಟ್ ಆಗಲು, 1970ರ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಇರಲೇಬೇಕು. ಬಿ.ಎ., ಎಲ್‌ಎಲ್‌.ಬಿ. ಓದಿದವರು ವಕೀಲರಾಗಿ ವಿಚಾರಣೆಯಲ್ಲಿ ವಾದಿಸಬಹುದು. ಏಜೆಂಟ್ ಪರೀಕ್ಷೆಗೆ ಮಾತ್ರ ಕೂರುವಂತಿಲ್ಲ.

ಈ ಬೇಲಿಗೆ ಕಾರಣವೇ ಇಲ್ಲ ಎನ್ನಲಾರೆ. ಎರಡು ಭಾಗಗಳನ್ನು 'ಸ್ಕ್ರೂ ಹಾಕಿ ಜೋಡಿಸಿದ' ಎಂದು ಬರೆದರೆ, ಪಕ್ಕದ ಫ್ಯಾಕ್ಟರಿಯವನು ಅಂಟು ಹಾಕಿ ಜೋಡಿಸಿ ನುಣುಚಿಕೊಳ್ಳಲು ನೋಡುತ್ತಾನೆ. ಆಮೇಲೆ ತಿದ್ದಿ ಹಕ್ಕನ್ನು ಹಿಗ್ಗಿಸಲು 59ನೇ ಸೆಕ್ಷನ್ ಬಿಡುವುದಿಲ್ಲ. ಇಪ್ಪತ್ತು ವರ್ಷದ ರಕ್ಷಣೆ ಒಂದು ಪದದಿಂದ ಸೋರಿಹೋಗುತ್ತದೆ. ಸೋರಿದ್ದು ಮೆಕ್ಯಾನಿಕ್‌ಗೆ ಗೊತ್ತಾಗುವುದು ವರ್ಷಗಳ ನಂತರ. ತನ್ನ ಏಜೆಂಟ್ ಬಲ್ಲವನೋ ಅಲ್ಲವೋ ಎಂದು ಅಳೆಯಲಾರದವನ ಪರವಾಗಿ ಕಾನೂನು ಅಳೆಯಬೇಕು, ಸರಿ.

ಆದರೆ ಅಳತೆಗೋಲು ಸರಿಯಿದೆಯೇ? ನನ್ನದು ಕಂಪ್ಯೂಟರ್ ಎಂ.ಟೆಕ್. ನಾಳೆ ಪರೀಕ್ಷೆ ಪಾಸಾದರೆ ಔಷಧಿಯ ಪೇಟೆಂಟ್ ಬರೆಯಲು ನನಗೆ ಅಡ್ಡಿಯಿಲ್ಲ. ಹದಿನೈದು ವರ್ಷ ಔಷಧಿ ಕಂಪನಿಯ ಕಡತಗಳಲ್ಲೇ ಪಳಗಿದ ಬಿ.ಎ. ಪದವೀಧರೆಗೆ ಬಾಗಿಲು ಮುಚ್ಚಿದೆ. ಪರೀಕ್ಷೆಯಲ್ಲಿ ಇರುವುದು ಕಾಯ್ದೆ, ನಿಯಮಗಳು, ಅರ್ಜಿ ಬರೆಯುವ ಮತ್ತು ಅರ್ಥೈಸುವ ಕಲೆ, ಜೊತೆಗೆ ಮೌಖಿಕ. ಯೋಗ್ಯತೆಯನ್ನು ಆ ಪರೀಕ್ಷೆ ಅಳೆಯುತ್ತದೆ ಎಂದಾದರೆ ಹೊಸ್ತಿಲಲ್ಲಿ ಪದವಿ ಕೇಳುವುದೇಕೆ? ಅಳೆಯುವುದಿಲ್ಲ ಎಂದಾದರೆ, ಎಂದೋ ಪಡೆದ ಪದವಿ ಆ ಕೊರತೆಯನ್ನು ತುಂಬುವುದು ಹೇಗೆ?

ಇನ್ನೊಂದು ಮಾತು. ಹತ್ತನೇ ತರಗತಿ ಮುಗಿದಾಗ ಊರಿನ ಪಿಯು ಕಾಲೇಜಿನಲ್ಲಿ ಸೈನ್ಸ್ ಇರಲಿಲ್ಲ, ಹಾಸ್ಟೆಲ್‌ಗೆ ದುಡ್ಡಿರಲಿಲ್ಲ ಎಂದು ಆರ್ಟ್ಸ್ ಹಿಡಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಹದಿನಾರರ ವಯಸ್ಸಿನ ಆ ಆಯ್ಕೆಯನ್ನು ನಲವತ್ತರಲ್ಲೂ ಯೋಗ್ಯತೆ ಎಂದು ಓದುವುದು ನ್ಯಾಯವೆನಿಸುವುದಿಲ್ಲ.

ಬಾಗಿಲು ತೆರೆಯಲಿ, ಪರೀಕ್ಷೆ ಬೇಕಾದರೆ ಇನ್ನಷ್ಟು ಬಿಗಿಯಾಗಲಿ. ತಂತ್ರಜ್ಞಾನದ ಪ್ರಶ್ನೆಯನ್ನೂ ಕೇಳಲಿ. ಪಾಸಾದವರಿಗೆ, ಪದವಿ ಯಾವುದೇ ಇರಲಿ, ಒಂದು ಕರ್ತವ್ಯವಿರಲಿ: ಈ ವಿಷಯ ನನಗೆ ಬಾರದು, ಬಲ್ಲವರ ಹತ್ತಿರ ಹೋಗಿ ಎಂದು ಕಕ್ಷಿದಾರನಿಗೆ ಹೇಳುವುದು. ಮೆಕ್ಯಾನಿಕ್‌ನನ್ನು ಕಾಯುವುದು ಆ ಮಾತೇ ಹೊರತು ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟ್ ಅಲ್ಲ. ಬೇಲಿಯ ಒಳಗಿರುವ ನಾವೇ ಇದನ್ನು ಮೊದಲು ಹೇಳಬೇಕು. ಹೊರಗಿನವರು ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ.