ಬಾಕಿ ಕೇಳುವ ಹುಡುಗರು

ಇಂದಿನ ಹುಡುಗರಿಗೆ ಸಮಾಜದ ಮೇಲೂ ರಾಜಕೀಯದ ಮೇಲೂ ಬೇಸರವೆಂದು ಹಿರಿಯರು ದೂರುವುದುಂಟು. ಬೇಸರವೆಂಬುದು ಎಳೆಯ ವಯಸ್ಸಿಗೆ ಬರುವ ಒಂದು ಜಾಡ್ಯ, ಸಂಸಾರ ಹೆಗಲಿಗೆ ಬಿದ್ದ ಮೇಲೆ ತಾನಾಗಿ ಇಳಿಯುತ್ತದೆ ಎಂಬ ಧ್ವನಿ ಆ ದೂರಿನಲ್ಲಿರುತ್ತದೆ. ನನಗೆ ಹಾಗೆ ತೋರುವುದಿಲ್ಲ. ಬೇಸರಪಡಬೇಕಾದರೆ ಮನುಷ್ಯನಲ್ಲಿ ಮೊದಲು ಒಂದು ನಿರೀಕ್ಷೆಯಿರಬೇಕು. ಪರವೂರಿನ ಛತ್ರದಲ್ಲಿ ಸಾರು ನೀರಾಗಿದ್ದರೆ ಸುಮ್ಮನೆ ಉಂಡು ಎದ್ದುಬರುತ್ತೇವೆ. ನಮ್ಮ ಮನೆಯಲ್ಲಿ ಹಾಗಾದರೆ ಏಕೆಂದು ಕೇಳುತ್ತೇವೆ. ಕೇಳುವವನು ಮನೆ ತನ್ನದೆಂದು ತಿಳಿದವನು. ಸಿಟ್ಟಾದ ತರುಣನೂ ಹಾಗೆಯೇ; ಅವನು ನಮ್ಮನ್ನು ಬಿಟ್ಟು ಹೊರಟವನಲ್ಲ, ಬಾಕಿ ಕೇಳಲು ಬಂದವನು. ಬಾಕಿ ನಿಜವೋ ಸುಳ್ಳೋ ಎಂದು ಲೆಕ್ಕದ ಪುಸ್ತಕ ತೆಗೆದು ನೋಡಬೇಕೇ ಹೊರತು, ಕೇಳಿದ ಧಾಟಿ ಸರಿಯಿಲ್ಲವೆಂದು ಕದ ಹಾಕಿಕೊಳ್ಳುವುದು ಸಾಲಗಾರನ ಹಳೆಯ ಉಪಾಯ.

ಮಾಲೂರಿನ ಕಡೆಯ ಹುಡುಗನ ಬಾಕಿ ಏನೆಂದು ನೋಡೋಣ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದಿನವರು ಕಟ್ಟಿಸಿದ ಕೆರೆಗಳಿದ್ದವು. ಅವು ಬತ್ತಿದ ಮೇಲೆ ಕೊಳವೆ ಬಾವಿಗಳು ಸಾವಿರ ಅಡಿಯನ್ನು ದಾಟಿ ಇಳಿದವು. ಎತ್ತಿನಹೊಳೆಯ ನೀರು ತರುತ್ತೇವೆಂದು 2014ರಲ್ಲಿ ಶಂಕುಸ್ಥಾಪನೆಯಾಯಿತು. ಆಗ ಎಂಟು ವರ್ಷದವನಾಗಿದ್ದ ಹುಡುಗನಿಗೆ 2024ರಲ್ಲಿ ಮತ ಹಾಕುವ ವಯಸ್ಸು ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅತ್ತ ಸಕಲೇಶಪುರದ ಕಡೆ, ನೀರೆತ್ತುವ ಮೊದಲ ಹಂತದ ಉದ್ಘಾಟನೆ ನಡೆಯಿತು. ಈ ನಡುವೆ, 2018ರಿಂದ, ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತದ ಶುದ್ಧೀಕರಣವನ್ನು ಕಂಡು ಜಿಲ್ಲೆಯ ಕೆರೆಗಳಿಗೆ ಬಂತು. ಮೂರನೆಯ ಹಂತವೂ ಆಗಲೆಂದು ಕೇಳಿದವರಿಗೆ, ಕೆರೆ ತುಂಬಿತಲ್ಲ, ಇನ್ನೇನು ಬೇಕು ಎಂಬ ಉತ್ತರ ಸಿಕ್ಕಿದ್ದೇ ಹೆಚ್ಚು. ಕೆರೆ ತುಂಬಿದ್ದು ನಿಜವೇ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಬೆಳಗಾದರೆ ಇಲ್ಲಿಂದ ಹಾಲು, ತರಕಾರಿ, ಹೂವು, ಇಟ್ಟಿಗೆ, ಕೊನೆಗೆ ಹುಡುಗರೂ ಬೆಂಗಳೂರಿಗೆ ಹೋಗಿ, ಅಲ್ಲಿಂದ ಬಳಸಿದ ನೀರು ಹಿಂದಿರುಗುವ ಈ ಕೊಡುಕೊಳ್ಳುವಿಕೆಯನ್ನು ದಿನವೂ ರೈಲಿನ ಕಿಟಕಿಯಲ್ಲಿ ಕೂತು ಹೋಗುವ ಹುಡುಗ ಗಮನಿಸದೆ ಇರುತ್ತಾನೆಯೆ?

ನೀರಿನ ಮಾತು ನಿಧಾನದ್ದು. ಸಂಬಳದ ಮಾತು ಹಾಗಲ್ಲ. ಮಾಲೂರಿಗೆ ದೂರವಿಲ್ಲದ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ, ಆಪಲ್ ಸಂಸ್ಥೆಗೆ ಫೋನು ಮಾಡಿಕೊಡುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ನಡೆದದ್ದನ್ನು ಓದುಗರು ಮರೆತಿರಲಾರರು. ಪಾಳಿ ಮುಗಿಸಿದ ಕೆಲಸಗಾರರು ಗಾಜು ಒಡೆದರು, ವಾಹನ ಉರುಳಿಸಿದರು. ಅವರಲ್ಲಿ ಹೆಚ್ಚಿನವರು ಗುತ್ತಿಗೆಯ ಮೇಲಿದ್ದ ಎಳೆಯರು. ಪೋಲೀಸರು ನೂರಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ದೇಶದ ಮರ್ಯಾದೆ ಹೋಯಿತು, ಹೊರಗಿನ ಬಂಡವಾಳ ಓಡಿಹೋಗುತ್ತದೆ ಎಂದು ದೊಡ್ಡವರು ಮರುಗಿದರು. ಆದರೆ ಡಿಸೆಂಬರ್ 19ರಂದು ಕಂಪನಿಯೇ, ಕೆಲವರಿಗೆ ಸಂಬಳ ಸರಿಯಾಗಿಯೂ ಸಕಾಲಕ್ಕೂ ಸಂದಿರಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ಸ್ಥಾನದಿಂದ ಇಳಿಸಿತು. ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ತಡವಾದದ್ದನ್ನು ಆಪಲ್ ಸಂಸ್ಥೆಯೂ ಹೇಳಿತು.

ಕಲ್ಲು ತೂರಿದ್ದು ತಪ್ಪು. ಯಂತ್ರಕ್ಕೆ ಬಿದ್ದ ಪೆಟ್ಟು ಕೊನೆಗೆ ಆ ಹುಡುಗರ ಅನ್ನದ ಮೇಲೆಯೇ ಬಿತ್ತು. ಆದರೆ ತಾರೀಖುಗಳನ್ನು ಒಂದರ ಕೆಳಗೊಂದು ಬರೆದು ನೋಡಿ: ಎರಡು ತಿಂಗಳು ಬಾಯಿಮಾತಿನಲ್ಲಿ ಆಗದ ಕೆಲಸ ಕಲ್ಲಿನಿಂದ ಏಳು ದಿನದಲ್ಲಿ ಆಯಿತು. ಈ ಪಾಠವನ್ನು ಬರೆದವರು ಯಾರು? ಕಲ್ಲೆತ್ತಿದ ಕೈ ಮಾತ್ರವಲ್ಲ. ಬಂದ ಮಾತನ್ನು ಕಿವಿಗೆ ಹಾಕಿಕೊಳ್ಳದವರ ಪಾಲೂ ಇದರಲ್ಲಿ ಇದೆ, ಅದು ದೊಡ್ಡ ಪಾಲೆಂದು ನನ್ನ ಅಭಿಪ್ರಾಯ.

ಮತಪೆಟ್ಟಿಗೆ ಇದೆಯಲ್ಲ ಎನ್ನಬಹುದು. ವೈಟ್‌ಫೀಲ್ಡಿಗೆ ಕೆಲಸಕ್ಕೆ ಹೋಗುವ ಪರಿಚಯದ ಹುಡುಗನೊಬ್ಬ, "ನನ್ನ ಒಂದು ಓಟಿನಿಂದ ಏನಾಗ್ತದೆ ಹೇಳಿ ಸಾರ್" ಎಂದ. 2023ರ ಚುನಾವಣೆಯಲ್ಲಿ ಮಾಲೂರು ಕ್ಷೇತ್ರದಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದದ್ದು 248 ಮತ, ಐದು ಬಸ್ಸಿನಲ್ಲಿ ಕೂರಿಸಬಹುದಾದಷ್ಟು ಜನ, ಎಂದು ನಾನು ನೆನಪಿಸಿದೆ. ಅವನು ನಕ್ಕ. ಅದೇ ಎಣಿಕೆ ಹೈಕೋರ್ಟಿಗೆ ಹೋದದ್ದು, 2025ರ ಸೆಪ್ಟೆಂಬರಿನಲ್ಲಿ ಅದು ಆಯ್ಕೆಯನ್ನು ರದ್ದುಮಾಡಿ ಮರು ಎಣಿಕೆಗೆ ಹೇಳಿದ್ದು, ಸುಪ್ರೀಂ ಕೋರ್ಟು ರದ್ದತಿಯನ್ನು ತಡೆದು ಎಣಿಕೆಗೆ ಒಪ್ಪಿದ್ದು, ನವೆಂಬರಿನಲ್ಲಿ ಮತ್ತೆ ಎಣಿಸಿದ್ದು, ಎಲ್ಲವೂ ಅವನಿಗೆ ಗೊತ್ತಿತ್ತು. "ಓಟಿಗೆ ಬೆಲೆ ಇಲ್ಲ ಅಂತಲ್ಲ ಸಾರ್. ಎಣಿಸೋಕೆ ಎರಡೂವರೆ ವರ್ಷ ಬೇಕಾ?" ಎಂದ. ಇದು ರಾಜಕೀಯ ತಿಳಿಯದವನ ಬೇಸರವಲ್ಲ. ನಮಗಿಂತ ಚೆನ್ನಾಗಿ ತಿಳಿದವನದು.

ಹುಡುಗರ ಪುಸ್ತಕದಲ್ಲಿ ಅವರು ಕೊಡಬೇಕಾದದ್ದರ ಪುಟವೂ ಒಂದಿದೆ. ರಾಜಕಾರಣಿಗಳ ಜಾತಿಯ ಲೆಕ್ಕಾಚಾರವನ್ನು ಬೈಯುವವನು ತಂಗಿಯ ಮದುವೆಯ ಮಾತು ಬಂದಾಗ ಮೌನವಾಗುತ್ತಾನೆ. ಇದನ್ನು ಹೇಳಲೇಬೇಕು. ಆದರೆ ಆ ಮೌನವನ್ನು ಅವನು ಕಲಿತದ್ದು ನಮ್ಮ ಪಡಸಾಲೆಯಲ್ಲೇ.

ಅನ್ಯಾಯವಾದಾಗ ಹೇಗೆ ನಡೆಯಬೇಕೆಂದು ಕಲಿಸಲು ನಾವು ದೊಡ್ಡವರ ಕಥೆ ಹೇಳುತ್ತೇವೆ. ಮಾಲೂರು ತಾಲ್ಲೂಕಿಗೆ ಅಂಥ ಕಥೆ ಮನೆಯದೇ ಇದೆ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸರ್ಕಾರದಲ್ಲಿ ಬಹುಕಾಲ ದುಡಿದು, ತಮಗಿಂತ ಕಿರಿಯರನ್ನು ಮೇಲಿನ ಸ್ಥಾನಕ್ಕೆ ಏರಿಸಿದಾಗ 1943ರಲ್ಲಿ ರಾಜೀನಾಮೆ ಕೊಟ್ಟು ಬಂದರು. ಬಂದವರು ಮುನಿಸಿಕೊಂಡು ಮೂಲೆ ಸೇರಲಿಲ್ಲ. ಮರುವರ್ಷವೇ 'ಜೀವನ' ಮಾಸಪತ್ರಿಕೆಯನ್ನು ಕೈಗೆತ್ತಿಕೊಂಡು 1965ರವರೆಗೆ ನಡೆಸಿದರು. ಕಥೆ ಚೆನ್ನಾಗಿದೆ. ಆದರೆ ಇದನ್ನು ಗುತ್ತಿಗೆಯ ಹುಡುಗನಿಗೆ ಹೇಳುವಾಗ ನನಗೆ ಸಂಕೋಚವಾಗುತ್ತದೆ. ಬಿಟ್ಟುಬರುವ ಘನತೆ ಒಳಗೆ ಪೀಠವಿದ್ದವನಿಗೆ. ಐವತ್ತೆರಡು ವರ್ಷದ ಹಿರಿಯ ಅಧಿಕಾರಿ ಎದ್ದು ಹೋದರೆ ಕುರ್ಚಿ ಖಾಲಿಯಾದದ್ದು ರಾಜ್ಯಕ್ಕೆ ಕಾಣುತ್ತದೆ. ಗುತ್ತಿಗೆಯವನು ಎದ್ದು ಹೋದರೆ ಮಧ್ಯಾಹ್ನದ ಪಾಳಿಗೆ ಅಲ್ಲಿ ಇನ್ನೊಬ್ಬ ಕೂತಿರುತ್ತಾನೆ. ಅವನ ರಾಜೀನಾಮೆಯನ್ನು ಯಾರೂ ಓದುವುದಿಲ್ಲ. ಅವನಿಗೆ ಉಳಿದಿರುವುದು ಕೇಳುವುದೊಂದೇ, ಅದೂ ಹತ್ತು ಜನ ಕೂಡಿ ಕೇಳುವುದು. ತಾಳ್ಮೆಯಿಂದಿರು ಎಂದು ಅವನಿಗೆ ಬುದ್ಧಿ ಹೇಳುವ ಮೊದಲು, ಅವನು ಕೂಡಿ ಕೇಳುವ ಜಾಗವೊಂದನ್ನು ನಾವು ಉಳಿಸಿದ್ದೇವೆಯೆ ಎಂದು ನೋಡಿಕೊಳ್ಳಬೇಕಾಗುತ್ತದೆ.

ಕಾಗದದ ಮೇಲೆ ಜಾಗವಿದೆ. 1993ರ ಪಂಚಾಯತ್ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಊರಿನ ಮತದಾರನು ಯಾರಾದರೂ ಎದ್ದು ನಿಂತು, ಈ ಹಣ ಎಲ್ಲಿ ಹೋಯಿತು, ಈ ನೀರು ಏಕೆ ಬರಲಿಲ್ಲ ಎಂದು ಕೇಳಬಹುದು. ಸಭೆ ಸೇರುವುದು ಸಾಮಾನ್ಯವಾಗಿ ಕೆಲಸದ ದಿನ, ಹಗಲು ಹೊತ್ತು, ಅಧಿಕಾರಿಗಳ ಅನುಕೂಲ ನೋಡಿಕೊಂಡು. ಅಷ್ಟು ಹೊತ್ತಿಗೆ ಕೇಳಬೇಕಾದ ಹುಡುಗರು ರೈಲು ಹತ್ತಿ ಹೋಗಿರುತ್ತಾರೆ. ಜಗಲಿಯ ಮೇಲೆ ನಾಲ್ಕು ಜನ ಮುದುಕರು ಕೂತು, ಹುಡುಗರಿಗೆ ಊರಿನ ಮೇಲೆ ಅಭಿಮಾನವೇ ಇಲ್ಲ ಎಂದು ಮಾತಾಡಿಕೊಂಡು, ಸಹಿ ಹಾಕಿ ಏಳುತ್ತಾರೆ. ಒಂದು ಸಲ ಸಭೆಯನ್ನು ಭಾನುವಾರ ಸಂಜೆ ಕರೆದು ನೋಡಬಹುದು.