ಎರಡನೆಯ ಶೀಲ ಮತ್ತು ಗೋವಿನಜೋಳ



ನಿನ್ನೆ ಅಕ್ಟೋಬರ್ 14. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಧಮ್ಮದೀಕ್ಷೆ ಪಡೆದ ದಿನ. ಹಾನಗಲ್, ಹಿರೇಕೆರೂರಿನ ನಾವು ಆರು ಮಂದಿ ಬೆಳಿಗ್ಗೆ ಪಂಚಶೀಲ ಹೇಳಿ, ಬೈಕಿನಲ್ಲಿ ಬಂಕಾಪುರದ ಮೇಲೆ ಸವಣೂರಿಗೆ ಹೊರಟೆವು. ಅಲ್ಲಿನ ದೊಡ್ಡಹುಣಸೆ ಮರ ನೋಡಲು. (ಹೆಸರು ಹುಣಸೆ, ಮೂಲ ಆಫ್ರಿಕಾ.)

ಈ ಕಾಲಕ್ಕೆ ನಮ್ಮ ಕಡೆ ಅರ್ಧ ರಸ್ತೆ ಗೋವಿನಜೋಳದ ಕಣ ಎಂಬುದು ನಿಮಗೆ ಗೊತ್ತು. ಅಂಚಿಗೆ ಕಲ್ಲು ಬೇರೆ ಇಟ್ಟಿರುತ್ತಾರೆ. ಅದು ಅಪಾಯವೇ, ಅಲ್ಲ ಎನ್ನುವುದಿಲ್ಲ. ಎದುರಿಗೆ ಟ್ರ್ಯಾಕ್ಟರ್ ಬಂತು. ನಿಲ್ಲಿಸಬಹುದಿತ್ತು. ಮುಂದಿನವರು ದೂರ ಹೋಗಿಬಿಡುತ್ತಾರೆಂದು ಕಾಳಿನ ಮೇಲೆಯೇ ಹಾಯಿಸಿದೆ. ಹಿಂದೆ ಒಬ್ಬ ಅಜ್ಜಿ ಕೂಗಿದ್ದು ಕೇಳಿಸಿತು. ರಸ್ತೆ ಇವರಪ್ಪಂದಾ ಎಂದು ಹೆಲ್ಮೆಟ್ಟಿನೊಳಗೇ ಬೈದೆ.

ಸವಣೂರಿನಲ್ಲಿ ಉಳಿದವರು ಮರದ ಬುಡದಲ್ಲಿ ಫೋಟೊ ತೆಗೆಯುತ್ತಿದ್ದರು. ನಾನು ಟೈರಿನ ಸಂದಿಯಲ್ಲಿ ಸಿಕ್ಕಿದ್ದ ಕಾಳುಗಳನ್ನು ಉಗುರಿನಿಂದ ಕೀಳುತ್ತಿದ್ದೆ. ಎರಡನೆಯ ಶೀಲಕ್ಕೆ 'ಕದಿಯುವುದಿಲ್ಲ' ಎಂದು ಸುಲಭವಾಗಿ ಅರ್ಥ ಹೇಳುತ್ತೇವೆ. ಪಾಲಿಯಲ್ಲಿ ಅದು 'ಅದಿನ್ನಾದಾನ', ಎಂದರೆ ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದು. ನನ್ನ ಅರ್ಧ ನಿಮಿಷ ಉಳಿಸಲು ಅಜ್ಜಿ ಕೊಡದ ಕಾಳನ್ನು ತೆಗೆದುಕೊಂಡಿದ್ದೆ. ಬೆಳಿಗ್ಗೆ ಶೀಲ ಹೇಳಿದ ಬಾಯಲ್ಲೇ ಬೈಗುಳವೂ ಬಂದಿತ್ತು.

ಬರುವಾಗ ಅಲ್ಲಿ ನಿಲ್ಲಿಸಿದೆ. ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ, "ಮಳಿ ಬರೂಹಂಗ ಐತೋ ಯಪ್ಪಾ, ಆ ತಾಡಪತ್ರಿ ತುದಿ ಹಿಡಿ" ಎಂದರು. ಆರೂ ಮಂದಿ ಇಳಿದೆವು. ಕಾಳು ಮುಚ್ಚಿದ ಮೇಲೆ ತಪ್ಪಾಯಿತು ಎಂದೆ. ಅವರಿಗೆ ನನ್ನ ಗುರುತೇ ಇರಲಿಲ್ಲ.

"ದಿನಾ ಎಷ್ಟೋ ಗಾಡಿ ಹಾಯ್ತಾವ, ನೀ ಯಾವಾಂವ?" ಎಂದರು.

ಭವತು ಸಬ್ಬ ಮಂಗಲಂ.