ಎಷ್ಟು ವಾಲಿದ್ದೇವೆ?

ಸುಳ್ಳಾಡದವನ ಮಾತೂ ತಪ್ಪಾಗಬಹುದು. ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್‌ನಲ್ಲಿ ರೇಡಿಯೊ ದೂರದರ್ಶಕವನ್ನು ನಡೆಸುವವರಿಗೆ ಇದು ನಿತ್ಯದ ಅನುಭವ.

2000ದಲ್ಲಿ ಉದ್ಘಾಟನೆಯಾದ ಈ ದೂರದರ್ಶಕದ ತಟ್ಟೆ 100 ಮೀಟರ್ ಅಗಲ, 110 ಮೀಟರ್ ಉದ್ದ. ಏಳು ಸಾವಿರ ಟನ್ನಿಗೂ ಮೀರಿದ ಈ ಉಕ್ಕಿನ ರಾಶಿ ಹಳಿಯ ಮೇಲೆ ಗಾಲಿಗಳಲ್ಲಿ ಉರುಳುತ್ತ ದಿಕ್ಕು ಬದಲಿಸುತ್ತದೆ. ಆದರೆ ತೀರ ಕಿರಿದಾದ ತರಂಗಗಳಲ್ಲಿ ಅದು ಒಮ್ಮೆಗೆ ನೋಡುವುದು ಆಕಾಶದ ಸುಮಾರು 9 ಆರ್ಕ್‌ಸೆಕೆಂಡ್ ಅಗಲದ ಚುಕ್ಕೆಯನ್ನು ಮಾತ್ರ; ಅಂದರೆ ಚಂದ್ರಬಿಂಬದ ಅಗಲದಲ್ಲಿ ಇನ್ನೂರನೆಯ ಒಂದು ಪಾಲು. ಗುರಿ ಕೂದಲೆಳೆಯಷ್ಟು ಸರಿದರೂ ನೋಡಬೇಕಾದ್ದು ಕಣ್ಣಿನ ಹೊರಗೇ ಉಳಿಯುತ್ತದೆ.

ಅಕ್ಷಗಳು ಎಷ್ಟು ತಿರುಗಿವೆ ಎಂದು ತಿಳಿಸಲು ಎನ್‌ಕೋಡರ್ ಎಂಬ ಕೋನಮಾಪಕಗಳಿವೆ. ಅವು ಕಂಡದ್ದನ್ನೇ ಹೇಳುತ್ತವೆ. ಆದರೆ ಅಕ್ಷದಿಂದಾಚೆ ಉಕ್ಕು ತನ್ನ ಭಾರಕ್ಕೇ ಎಷ್ಟು ಬಾಗಿದೆ, ಬಿಸಿಲು ತಾಗಿದ ಬದಿ ಎಷ್ಟು ಹಿಗ್ಗಿದೆ ಎಂಬುದು ಅವುಗಳ ಕಣ್ಣಿಗೆ ಬೀಳುವುದಿಲ್ಲ. ನೂರು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚೇ ಬೆಳೆಯುತ್ತದೆ. ತಟ್ಟೆಯ ಒಂದು ಅಂಚು ಎದುರಿನ ಅಂಚಿಗಿಂತ ಒಂದು ಮಿಲಿಮೀಟರ್ ಮೇಲೆದ್ದರೂ ಸಾಕು, ಎರಡು ಆರ್ಕ್‌ಸೆಕೆಂಡ್ ವಾಲಿಕೆ. ಹಳಿಯ ಏರುಪೇರು ಅದಕ್ಕೆ ಸೇರುತ್ತದೆ, ಗಾಳಿ ಸೇರುತ್ತದೆ. ಎನ್‌ಕೋಡರ್ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಲೇ ಇರುತ್ತದೆ.

ನಮ್ಮ ಅಂತಃಸಾಕ್ಷಿಯೂ ಬಹಳ ಸಲ ಇಂಥದ್ದೇ. ನಾನು ಪಕ್ಷಪಾತಿಯಲ್ಲ ಎಂದು ಎದೆ ಮುಟ್ಟಿ ಹೇಳುವವರಲ್ಲಿ ಹೆಚ್ಚಿನವರು ನಟಿಸುತ್ತಿರುವುದಿಲ್ಲ. ತಮ್ಮ ಉದ್ದೇಶ ಎತ್ತ ತಿರುಗಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಹುಟ್ಟಿದ ಮನೆ, ಉಂಡ ಅನ್ನ, ಹಳೆಯ ಗಾಯ, ಹೊಗಳಿಕೆಯ ಬಿಸಿಲು ಇವೆಲ್ಲ ಆ ಉದ್ದೇಶವನ್ನು ದಾರಿಯಲ್ಲಿ ಎಷ್ಟು ಬಾಗಿಸಿವೆ ಎಂಬುದಷ್ಟೇ ಗೊತ್ತಿರುವುದಿಲ್ಲ.

ಹಾಗಾದರೆ ಬಾಗದಂತೆ ಗಟ್ಟಿಯಾಗಬೇಕೇ? ದೂರದರ್ಶಕ ಕಟ್ಟುವವರು ಆ ಹಟವನ್ನು ಬಹಳ ಹಿಂದೆಯೇ ಬಿಟ್ಟರು. ಗಟ್ಟಿತನಕ್ಕೆಂದು ಉಕ್ಕು ಸೇರಿಸಿದರೆ ಭಾರ ಹೆಚ್ಚುತ್ತದೆ, ಭಾರ ಮತ್ತೆ ಬಾಗಿಸುತ್ತದೆ. 1960ರ ದಶಕದಲ್ಲಿ ಖಗೋಳವಿಜ್ಞಾನಿ ಸೆಬಾಸ್ಟಿಯನ್ ಫಾನ್ ಹೋರ್ನರ್ ಬೇರೆ ದಾರಿ ತೋರಿದರು: ತಟ್ಟೆ ಬಾಗಲಿ, ಆದರೆ ಬಾಗಿದ ಮೇಲೂ ಅದು ಪ್ಯಾರಾಬೋಲಾ ಆಕಾರದಲ್ಲೇ ಉಳಿಯುವಂತೆ ಕಟ್ಟೋಣ, ತರಂಗಗಳು ಕೂಡುವ ನಾಭಿ ಸರಿದಷ್ಟು ಗ್ರಾಹಕವನ್ನೂ ಸರಿಸೋಣ. ಜರ್ಮನಿಯ ಎಫೆಲ್ಸ್‌ಬರ್ಗ್‌ನ 100 ಮೀಟರ್ ದೂರದರ್ಶಕ ಈ ತತ್ತ್ವದ ಮೇಲೆಯೇ ನಿಂತಿದೆ. ಬಾಗುವುದು ದೇಹಧರ್ಮ, ಎಷ್ಟು, ಎತ್ತ ಎಂದು ತಿಳಿದಿದ್ದರೆ ಅದರೊಡನೆ ಬದುಕಬಹುದು.

ಆ ತಿಳಿವು ಹೊರಗಿನಿಂದಲೇ ಬರಬೇಕು. ತನ್ನ ತಕ್ಕಡಿಯನ್ನು ತನ್ನದೇ ಕಲ್ಲಿನಿಂದ ಪರೀಕ್ಷಿಸುವ ವ್ಯಾಪಾರಿಗೆ ದೋಷ ಎಂದೂ ಸಿಗದು. ಗ್ರೀನ್ ಬ್ಯಾಂಕ್‌ನಲ್ಲಿ ಕಿರಿಯ ತರಂಗಗಳ ವೀಕ್ಷಣೆಯ ನಡುವೆ ಆಗಾಗ ಕೆಲಸ ನಿಲ್ಲಿಸಿ, ಸ್ಥಾನ ಖಚಿತವಾಗಿ ಗೊತ್ತಿರುವ, ಕ್ವೇಸಾರ್ ಎಂಬ ಬಹುದೂರದ ಒಂದು ಆಕಾಶಕಾಯದತ್ತ ದೂರದರ್ಶಕವನ್ನು ತಿರುಗಿಸುತ್ತಾರೆ. ಅದರ ಮೇಲೆ ಅಡ್ಡಲಾಗಿ ಹೋಗಿ ಬರುತ್ತಾರೆ, ಮೇಲೆ ಕೆಳಗೆ ಹೋಗಿ ಬರುತ್ತಾರೆ. ಸಂಕೇತ ಎಲ್ಲಿ ಶಿಖರ ಮುಟ್ಟಿತೆಂದು ನೋಡಿ ವ್ಯತ್ಯಾಸವನ್ನು ತಿದ್ದಿಕೊಳ್ಳುತ್ತಾರೆ. ಕ್ವೇಸಾರೇ ಏಕೆಂದರೆ, ಅಷ್ಟು ದೂರದ್ದು ನಮ್ಮ ಕಣ್ಣಿಗೆ ಕದಲುವುದೇ ಇಲ್ಲ. ಯಂತ್ರಕ್ಕೇ ಬಿಗಿದ ಅಳತೆಗೋಲಾದರೆ ಯಂತ್ರದ ಜೊತೆಗೇ ಬಾಗುತ್ತದೆ. ಆಪ್ತರ ಮೆಚ್ಚುಗೆ ನಮ್ಮನ್ನು ತಿದ್ದಲಾರದ್ದೂ ಇದಕ್ಕೇ: ನಮ್ಮ ಬಿಸಿಲಿನಲ್ಲಿ ಅವರೂ ಕಾದಿರುತ್ತಾರೆ.

ತಿದ್ದುವುದರಲ್ಲೂ ಒಂದು ಸಂಯಮ ಬೇಕು. ಆಕಾಶದ ತುಂಬ ಇಂಥ ಅನೇಕ ಆಕರಗಳನ್ನು ನೋಡಿ, ದೂರದರ್ಶಕದ ತಪ್ಪುಗಳನ್ನು ಒಂದು ಗಣಿತಸೂತ್ರಕ್ಕೆ ಇಳಿಸುತ್ತಾರೆ. ಅದರ ಒಂದೊಂದು ಪದಕ್ಕೂ ನಿಜವಾದ ಕಾರಣವಿರಬೇಕು: ಅಕ್ಷದ ಓರೆ, ಭಾರದ ಬಾಗು. ಕಾರಣವಿಲ್ಲದ ಪದಗಳನ್ನು ತುಂಬುತ್ತ ಹೋದರೆ ನಿನ್ನೆಯ ತಪ್ಪುಗಳೆಲ್ಲ ಸೊಗಸಾಗಿ ಹೊಂದಿಕೊಳ್ಳುತ್ತವೆ, ನಾಳೆ ಗುರಿ ತಪ್ಪುತ್ತದೆ. ನಾವು ಕೊಡುವ ಸಮಜಾಯಿಷಿಗಳ ಹಣೆಬರಹವೂ ಇಷ್ಟೇ. ನಡೆದುಹೋದದ್ದನ್ನೆಲ್ಲ ಅವು ವಿವರಿಸುತ್ತವೆ. ಮುಂದಿನ ಹೆಜ್ಜೆಯನ್ನು ನೇರಮಾಡುವುದಿಲ್ಲ.

ಒಮ್ಮೆ ಮಾಡಿದ ತಿದ್ದುಪಡಿಯ ಆಯುಸ್ಸೂ ಚಿಕ್ಕದು. ಸೂರ್ಯ ಏರಿದಂತೆ, ದೂರದರ್ಶಕ ಆಕಾಶದ ಬೇರೆ ಭಾಗಕ್ಕೆ ಹೊರಳಿದಂತೆ ಅದು ಹಳತಾಗುತ್ತದೆ, ಮತ್ತೆ ಕೇಳಬೇಕು. ಹೀಗೆ ಕೇಳುವುದನ್ನು ಅಲ್ಲಿ ಯಾರೂ ಅವಮಾನವೆಂದುಕೊಳ್ಳುವುದಿಲ್ಲ, ತಪ್ಪು ಕಂಡಿತೆಂದು ಕೈಚೆಲ್ಲುವುದೂ ಇಲ್ಲ. ನಮ್ಮ ಗೆಲುವಿನಲ್ಲಿ ಪಾಲಿಲ್ಲದ, ನಮ್ಮ ಸಿಟ್ಟಿಗೆ ಹೆದರದ ಒಬ್ಬರನ್ನಾದರೂ ಬದುಕಿನಲ್ಲಿ ಉಳಿಸಿಕೊಳ್ಳಬೇಕು; ಎಷ್ಟು ವಾಲಿದ್ದೇವೆ ಎಂದು ಅವರನ್ನು ಪದೇಪದೇ ಕೇಳಬೇಕು. ಉತ್ತರ ಬಂದ ಮೇಲೆ ವಾದಿಸದೆ, ಅಳದೆ, ಅಷ್ಟನ್ನು ತಿದ್ದಿಕೊಂಡು ಕೆಲಸಕ್ಕೆ ಮರಳಬೇಕು.